ಮೇಲಿನ ಹಲಗೆಯ ತಟ್ಟೆ

"ಅಮ್ಮಾ... ಆ ತಟ್ಟೆ ಯಾರಿಗೆ?"

ಸೊಸೆಯ ಕೈ ಗಾಳಿಯಲ್ಲೇ ನಿಂತಿತು. ಅಡುಗೆಮನೆಯ ಗೋಡೆಗೆ ಬಡಿದ ಮೂರು ಹಲಗೆಗಳಲ್ಲಿ ಅತಿ ಮೇಲಿನದರ ಮೇಲೆ, ಅವಳ ತಲೆಗಿಂತ ಒಂದು ಗೇಣು ಎತ್ತರದಲ್ಲಿ, ಊಟ ಬಡಿಸಿದ ತಟ್ಟೆಯನ್ನು ಅವಳು ಆಗಷ್ಟೇ ಇಟ್ಟಿದ್ದಳು. ನೊಣ ಕೂರದಂತೆ ಇನ್ನೊಂದು ತಟ್ಟೆಯನ್ನು ಬೋರಲು ಮುಚ್ಚಿದ್ದಳು. ಹದಿನಾಲ್ಕು ವರ್ಷಗಳಿಂದ ದಿನವೂ ಬೆಳಿಗ್ಗೆ ಕಾರ್ಖಾನೆಗೆ ಹೊರಡುವ ಮುನ್ನ ಹೀಗೇ ಇಟ್ಟು ಹೋಗುತ್ತಿದ್ದಳು. ಆ ಊಟ ಉಣ್ಣುತ್ತಿದ್ದ ಮಾವ ತೀರಿಕೊಂಡು ಮೂರು ದಿನವಾಯಿತೆಂಬುದು ಅವಳಿಗೆ ಗೊತ್ತಿತ್ತು. ಅವಳ ಕೈಗೆ ಇನ್ನೂ ಗೊತ್ತಾಗಿರಲಿಲ್ಲ!

"ಯಾರಿಗೂ ಇಲ್ಲ. ಹೋಗು, ಬಂದವರಿಗೆ ನೀರು ಕೊಡು," ಎಂದಳು ಒರಟಾಗಿ. ಮಗಳು ಹೋಗಲಿಲ್ಲ. ಹನ್ನೆರಡು ವರ್ಷದ ಆ ಹುಡುಗಿ ತಟ್ಟೆಯನ್ನೂ ತಾಯಿಯನ್ನೂ ಒಂದು ಕ್ಷಣ ನೋಡಿದಳು. ಏನೋ ಹೇಳಲು ತುಟಿ ತೆರೆದು, ಹೇಳದೆ, ಹೂಜಿ ಎತ್ತಿಕೊಂಡು ಹೊರಟಳು. ಸೊಸೆ ತಟ್ಟೆಯನ್ನು ಕೆಳಗಿಳಿಸಿದಳು. ಹಲಗೆಯ ಅಂಚಿನಲ್ಲಿ ನಡುಮಧ್ಯೆ ಒಂದು ಕಪ್ಪನೆಯ ಕಲೆ. ಎಣ್ಣೆಯ ಕಲೆಯೆಂದು ಎಷ್ಟು ಸಲ ಸೋಪು ಹಾಕಿ ಉಜ್ಜಿದ್ದರೂ ಅದು ಹೋಗಿರಲಿಲ್ಲ. ಕಾಲಿಗೆ ಮೂರು ಕಾಲಿನ ಪುಟ್ಟ ಸ್ಟೂಲು ತಾಗಿತು. ದಿನಾ ಸಂಜೆ ಅವಳು ಮೂಲೆಗೆ ನೂಕುತ್ತಿದ್ದ, ದಿನಾ ಮಧ್ಯಾಹ್ನ ಅದೇ ಹಲಗೆಯ ಕೆಳಗೆ ಬಂದು ನಿಲ್ಲುತ್ತಿದ್ದ ಸ್ಟೂಲು. ಅಭ್ಯಾಸದಂತೆ ಇವತ್ತೂ ನೂಕಿದಳು.

ಹೊರಗಿನ ಕೋಣೆ ತುಂಬಿತ್ತು. ಬೀದಿಯವರೆಲ್ಲ ಬಂದು ಕೂತಿದ್ದರು. 'ಬಡಗಿ ತಾತ' ಎಂದೇ ಎಲ್ಲರೂ ಕರೆಯುತ್ತಿದ್ದ ಆ ಮುದುಕ ಆ ಬೀದಿಯಲ್ಲಿ ಮುಟ್ಟದ ಬಾಗಿಲಿರಲಿಲ್ಲ, ನೇರ ಮಾಡದ ಕಿಟಕಿಯಿರಲಿಲ್ಲ. ಅವರ ಮಗ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು, ಗೋಡೆಗೊರಗಿ ತಲೆ ತಗ್ಗಿಸಿ ಕೂತಿದ್ದ. ಮೂರು ದಿನದಿಂದ ಅವನು ಯಾರ ಮುಖವನ್ನೂ ನೋಡಿರಲಿಲ್ಲ. ಅಪ್ಪನನ್ನು ಕಳೆದುಕೊಂಡ ಸಂಕಟ ಎಂದೇ ಎಲ್ಲರೂ ಅಂದುಕೊಂಡಿದ್ದರು.

"ನನ್ನ ಅಂಗಡಿ ಸ್ಟೂಲಿಗೆ ನಾಲ್ಕನೇ ಕಾಲು ಹಾಕ್ಕೊಡಿ ತಾತ ಅಂತ ಆರು ತಿಂಗಳು ಬೆನ್ನು ಬಿದ್ದಿದ್ದೆ," ದಿನಸಿ ಅಂಗಡಿಯವನು ಕಣ್ಣೊರೆಸಿಕೊಳ್ಳುತ್ತಲೇ ನಕ್ಕ. "ಏನಂದ್ರು ಗೊತ್ತಾ? 'ಲೋ, ಮೂರು ಕಾಲಿನ ಸ್ಟೂಲು ಎಲ್ಲಿಟ್ರೂ ಅಲ್ಲಾಡಲ್ಲ ಕಣೋ. ನಾಲ್ಕನೇದು ಬಂದ್ಮೇಲೇ ಜಗಳ ಶುರುವಾಗೋದು. ನಮ್ಮನೇಲೂ ಅಷ್ಟೇ, ಅವರು ಮೂರು ಜನ ಗಟ್ಟಿಯಾಗಿದಾರೆ, ನಾನೇ ನಾಲ್ಕನೇ ಕಾಲು!' ಅಂತ ಹೇಳಿ ಅವರೇ ಗಹಗಹಿಸಿ ನಕ್ಕಿದ್ದು!"

ಎಲ್ಲರೂ ನಕ್ಕರು. ನಗು ಬೇಗ ಸತ್ತಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆಯ ಮುಖ ಕಲ್ಲಿನಂತಿತ್ತು. ಅವಳ ಕಣ್ಣಿನಿಂದ ಒಂದು ಹನಿಯೂ ಬಿದ್ದಿಲ್ಲವೆಂಬುದು ಬೀದಿಗೆಲ್ಲ ತಿಳಿದಿತ್ತು. ಅವರಿಗೇನು ಗೊತ್ತು? ಅವರ ಪಾಲಿಗೆ ಆತ ದೇವರಂಥ ಮನುಷ್ಯ. ಅವಳ ಪಾಲಿಗೆ... ಅವಳ ನಾಲ್ಕು ವರ್ಷದ ಮಗನನ್ನು ನುಂಗಿದ ಮರೆವು ಆತನದು!

ಹದಿನಾಲ್ಕು ವರ್ಷದ ಹಿಂದೆ ಅವಳ ತಾಯಿ ಹಾಸಿಗೆ ಹಿಡಿದಿದ್ದಳು. ಮಗುವನ್ನು ಗಂಡನ ಬಳಿಯೂ ಮಾವನ ಬಳಿಯೂ ಬಿಟ್ಟು ಮೂರು ವಾರ ಅವಳು ತವರಿನಲ್ಲಿದ್ದಳು. ಮನೆಯ ಹಿತ್ತಿಲಲ್ಲಿ ನೀರಿನ ತೊಟ್ಟಿಯಿತ್ತು. ಮಗು ಹಿತ್ತಿಲಿಗೆ ಹೋಗದಿರಲೆಂದು ಮಾವನೇ ಹಿತ್ತಿಲ ಬಾಗಿಲಿಗೆ ಎತ್ತರದಲ್ಲೊಂದು ಚಿಲಕ ಕೂರಿಸಿದ್ದರು. ಸುದ್ದಿ ಬಂದು ಅವಳು ಓಡಿಬಂದ ಸಂಜೆ, ಮಗುವಿನ ಒದ್ದೆ ಕೂದಲನ್ನು ಸವರುತ್ತಾ ಕೇಳಿದ ಮೊದಲ ಮಾತು ಗಂಡನಿಗೆ: "ಯಾರು ತೆಗೆದದ್ದು ಆ ಬಾಗಿಲು? ಹೇಳ್ರೀ! ನೀವೇ ಆಗಿದ್ರೆ ಈ ಕ್ಷಣ ಈ ಮನೆ ಬಿಟ್ಟು ಹೋಗ್ತೀನಿ... ಸತ್ತರೂ ನಿಮ್ಮ ಮುಖ ನೋಡಲ್ಲ!"

ಮೂಲೆಯಿಂದ ಮಾವನ ದನಿ ಕೇಳಿಸಿತು. "ನಾನಮ್ಮಾ... ನಾನೇ ತೆಗೆದೆ. ಚಿಲಕ ಹಾಕೋದು ಮರೆತೆ."

ಅಷ್ಟೇ. ಆ ದಿನದಿಂದ ಅವಳು ಅವರೊಂದಿಗೆ ಮಾತಾಡಲಿಲ್ಲ. ಮರುದಿನ ಕೊಟ್ಟ ಒಂದು ಅಪ್ಪಣೆಯನ್ನು ಬಿಟ್ಟರೆ: "ಆ ಬಾಗಿಲನ್ನ ಮುಚ್ಚಿ. ಇನ್ಯಾವತ್ತೂ ತೆರೀಬಾರದು." ಅವರು ಏಳು ದಪ್ಪ ಮೊಳೆ ಹೊಡೆದು ಅದನ್ನು ಮುಚ್ಚಿದರು. ಏಳೂ ಸೊಟ್ಟ. ಆ ಬೀದಿಯ ಅತಿ ಒಳ್ಳೆಯ ಬಡಗಿ ಹೊಡೆದ ಮೊಳೆಗಳು! ತಪ್ಪು ಮಾಡಿದ ಕೈ ನಡುಗುತ್ತದೆ, ಇನ್ನೇನು, ಎಂದುಕೊಂಡಿದ್ದಳು ಅವಳು. ಎರಡು ವರ್ಷದ ಮೇಲೆ ಮಗಳು ಹುಟ್ಟಿದಾಗ ತೊಟ್ಟಿಲ ಬಳಿಗೆ ಬಂದ ಮಾವನಿಗೆ ಅಡ್ಡ ನಿಂತಿದ್ದಳು. ಮಾತಾಡಿರಲಿಲ್ಲ, ಅಡ್ಡ ನಿಂತಿದ್ದಳು ಅಷ್ಟೇ. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರದಿಂದಲೇ ಮಗುವನ್ನು ನೋಡಿ, ಬೀದಿ ಬದಿಯ ತಮ್ಮ ಕೆಲಸದ ಕೋಣೆಗೆ ಹಾಸಿಗೆ ಸಾಗಿಸಿಕೊಂಡಿದ್ದರು. ಊಟಕ್ಕೆ ಕರೆಯುವ ಮಾತೂ ಬೇಡವೆಂದು, ಮಗ ಹೋದ ವಾರದಿಂದಲೇ ಅವಳು ತಟ್ಟೆಯನ್ನು ಮೇಲಿನ ಹಲಗೆಗೆ ಏರಿಸಿದ್ದಳು. ಎತ್ತರದಲ್ಲಿ, ಬೇಕೆಂದೇ. ಮಗುವಿಗೆ ಎಟುಕದ ಚಿಲಕವನ್ನು ಮರೆತವನು ದಿನವೂ ಒಮ್ಮೆ ಕೈ ಎತ್ತಲಿ, ಎತ್ತಿದಾಗಲೆಲ್ಲ ನೆನೆಯಲಿ...

"ನೀನೂ ಬಾ ಕಣಮ್ಮ, ಕೂತ್ಕೋ," ಪಕ್ಕದ ಮನೆಯ ನರ್ಸಮ್ಮ ಕರೆದರು. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ, ಒಂಟಿ ಹೆಂಗಸು. ಬಂದವರು ಒಬ್ಬೊಬ್ಬರಾಗಿ ಎದ್ದು ಹೋಗಿದ್ದರು. ಅವಳ ಗಂಡನೂ ಅಂಗಡಿಯವನನ್ನು ಬೀಳ್ಕೊಡಲು ಬೀದಿಗೆ ಇಳಿದಿದ್ದ. ಸೊಸೆ ಬಂದು ಬಾಗಿಲ ಬಳಿಯೇ ಕೂತಳು.

"ನಮ್ಮ ಯಜಮಾನರು ಹೋದಾಗ ಎಲ್ಲರೂ ಬಂದು ಸಮಾಧಾನ ಹೇಳಿದ್ರು. ನಿಮ್ಮ ಮಾವ ಒಂದು ಮಾತೂ ಆಡ್ಲಿಲ್ಲ. ಬಂದ್ರು, ನನ್ನ ಮಲಗೋ ಕೋಣೆ ಕಿಟಕಿಗೆ ಎಣ್ಣೆ ಬಿಟ್ಟು ಹೊರಟೋದ್ರು. ಅದು ಕಿರುಗುಟ್ಟಿದ್ರೆ ನಂಗೆ ನಿದ್ದೆ ಬರಲ್ಲ ಅಂತ!" ನರ್ಸಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. "ಇನ್ನೊಂದು ಹೇಳ್ಲಾ? ಹೇಳ್ಬೇಡಿ ಅಂತ ಮಾತು ತಗೊಂಡಿದ್ರು. ಈಗ ಅವರೇ ಇಲ್ವಲ್ಲ... ಬಚ್ಚಿಟ್ಕೊಂಡು ನಾನೇನು ಮಾಡ್ಲಿ? ಅವರು ಎಂಥಾ ಮನುಷ್ಯ ಅಂತ ನಿಂಗೂ ಗೊತ್ತಾಗಲಿ."

"ಏನು?"

"ನಿಮ್ಮಮ್ಮನ್ನ ನೋಡ್ಕೊಳ್ಳೋಕೆ ಅಂತ ನೀನು ಹೋಗಿದ್ದೆ ನೋಡು, ಆವಾಗ. ನೀನು ಹೋದ ನಾಲ್ಕನೇ ದಿನಕ್ಕೋ ಐದನೇ ದಿನಕ್ಕೋ ಅವರು ಯಾರದ್ದೋ ಮನೆ ತೊಲೆ ಕೂರಿಸ್ತಾ ಏಣಿಯಿಂದ ಬಿದ್ರು. ಬಲಗೈ ಹೆಗಲ ಹತ್ರ ಮುರೀತು. ಡಾಕ್ಟ್ರು ಬಿಗಿಯಾಗಿ ಪಟ್ಟಿ ಕಟ್ಟಿ, ಕೈನ ಕೊರಳಿಗೆ ನೇತುಹಾಕಿ, ಆರು ವಾರ ಅಲ್ಲಾಡಿಸ್ಬೇಡಿ ಅಂದಿದ್ರು. ನಿಂಗೆ ಹೇಳಿ ಕಳಿಸ್ತೀನಿ ಅಂದ್ರೆ ಬಯ್ದುಬಿಟ್ರು. 'ಅವಳಿಗೆ ಅಲ್ಲಿನ ಚಿಂತೆನೇ ಸಾಕು' ಅಂತ. ದಿನಾ ನಾನೇ ತಲೆ ಬಾಚ್ತಿದ್ದೆ ಕಣಮ್ಮ, ಮಗೂ ಥರಾ. 'ನರ್ಸಮ್ಮಾ, ಬೈತಲೆ ನೇರ ತೆಗೀರಿ, ಬಡಗಿ ತಲೆ ಸೊಟ್ಟ ಇದ್ರೆ ಕೆಲಸ ಕೊಡಲ್ಲ ಯಾರೂ' ಅನ್ನೋರು!" ಅವರು ಅಳುತ್ತಲೇ ನಕ್ಕರು. "ಹಿತ್ತಿಲಿಗೆ ಹೋಗ್ಬೇಕಾದ್ರೆ ಬೀದಿ ಬಾಗಿಲಿಂದ ಸುತ್ತಿ ಬಂದು, ನಮ್ಮ ಓಣಿಯಿಂದ ಹೋಗೋರು. ನಿಮ್ಮ ಹಿತ್ತಿಲ ಬಾಗಿಲು ಜಗ್ಗಿತ್ತಲ್ಲ, ಒಂದು ಕೈಲಿ ಬಾಗಿಲು ಎತ್ತಿ ಹಿಡಿದ್ರೆ ತಾನೇ ಇನ್ನೊಂದು ಕೈಗೆ ಚಿಲಕ ಸರಿಯೋದು? 'ಬಡಗಿ ಮನೆ ಬಾಗಿಲಿಗೇ ಈ ಗತಿ ನೋಡಿ, ಕೈ ವಾಸಿಯಾಗಲಿ, ಮೊದಲು ಇದನ್ನ ನೆಟ್ಟಗೆ ಮಾಡ್ತೀನಿ' ಅಂತ ದಿನಾ ಹೇಳೋರು..."

ಸೊಸೆಯ ಬೆರಳುಗಳು ಸೀರೆಯ ಅಂಚನ್ನು ಹಿಡಿದುಕೊಂಡವು.

"ಆಮೇಲೆ ಆ ಕೆಟ್ಟ ದಿನ..." ನರ್ಸಮ್ಮನ ದನಿ ತಗ್ಗಿತು. "ನೀನು ಬರೋಕೆ ಒಂದು ಗಂಟೆ ಮುಂಚೆ ನನ್ನ ಹತ್ರ ಬಂದ್ರು. 'ಈ ಪಟ್ಟಿ ಕತ್ತರಿಸಿ ಹಾಕಿ' ಅಂದ್ರು. ಮೂರು ವಾರ ಕೂಡ ಆಗಿಲ್ಲ, ಕೈ ಕೆಟ್ಟುಹೋಗುತ್ತೆ ಅಂತ ಕೂಗಾಡ್ದೆ. 'ಸೊಸೆ ಬರ್ತಿದಾಳೆ, ಅವಳು ಇದನ್ನ ನೋಡಬಾರದು' ಅಂದ್ರು. ನಾನು ಕತ್ತರಿಸಿದೆ ಕಣಮ್ಮ. ಮಗೂನ ಕಳ್ಕೊಂಡ ಹುಡುಗಿ, ಅವಳ ಸಂಕಟದ ಮೇಲೆ ತನ್ನದೊಂದು ಬೇಡ ಅಂತ ಎಷ್ಟು ಯೋಚನೆ ಮಾಡಿದ್ರು ನೋಡು! ಆ ಕೈ ಮತ್ತೆ ಹೆಗಲಿನ ಮೇಲೆ ಏಳಲೇ ಇಲ್ಲ. ಕೂತು ಮಾಡೋ ಕೆಲಸ ಬಿಟ್ಟು ಬೇರೇದು ಮಾಡಲೂ ಇಲ್ಲ. ಪಟ್ಟಿ ಬಿಚ್ಚಿದ್ಮೇಲೆ ಕೈ ವಾಸಿಯಾಯ್ತು ಅಂತ ಬೀದಿಯವರು ಮರೆತೇಬಿಟ್ರು. ವಯಸ್ಸಾಯ್ತು ಅಂತಿದ್ರು, ಅದನ್ನೂ ನಂಬಿದ್ರು..."

ನರ್ಸಮ್ಮನಿಗೆ ತಾವೇನು ಹೇಳಿದೆವೆಂಬುದೇ ತಿಳಿಯಲಿಲ್ಲ. ಒಬ್ಬ ಒಳ್ಳೆಯ ಮನುಷ್ಯನ ಇನ್ನೊಂದು ಒಳ್ಳೆಯತನವನ್ನು ನೆನೆದು ಅವರು ಹಗುರಾಗಿದ್ದರು. ಸೊಸೆಯ ಕೆನ್ನೆ ಸವರಿ, "ಅತ್ತುಬಿಡು ಮಗಳೇ, ಒಳಗಿಟ್ಕೋಬೇಡ," ಎಂದು ಎದ್ದು ಹೋದರು.

ಮನೆಯೊಳಗೆ ಒಂದು ಬಗೆಯ ಮೌನವಿತ್ತು. ಹದಿನಾಲ್ಕು ವರ್ಷ ಅವಳೇ ನೇಯ್ದ ಮೌನ. ಬೀದಿ ಕೋಣೆಯಿಂದ ಬರುತ್ತಿದ್ದ ಮರ ಉಜ್ಜುವ ಸದ್ದು ಮಾತ್ರ ಆ ಮೌನಕ್ಕೆ ಈವರೆಗೆ ತೂತು ಮಾಡುತ್ತಿತ್ತು. ಈಗ ಅದೂ ಇಲ್ಲ. ಅವಳು ಎದ್ದು ಹಿತ್ತಿಲ ಬಾಗಿಲಿಗೆ ಹೋದಳು. ತುಕ್ಕು ಹಿಡಿದ ಏಳು ಮೊಳೆಗಳು. ದಿನಾ ಕಣ್ಣಿಗೆ ಬೀಳುತ್ತಿದ್ದ ಅವುಗಳನ್ನು ಇವತ್ತು ಮೊದಲ ಸಲ ನೋಡಿದಳು. ಒಂದೊಂದನ್ನೂ ಬೆರಳಿನಿಂದ ಮುಟ್ಟಿದಳು. ನಡುಗಿದ ಕೈಯಾಗಿದ್ದರೆ ಮೊಳೆಗಳು ದಿಕ್ಕಿಗೊಂದರಂತೆ ಬಾಗಬೇಕಿತ್ತು. ಇವು ಏಳೂ ಒಂದೇ ಕಡೆಗೆ ಬಾಗಿದ್ದವು. ಎಲ್ಲವೂ ಅವಳ ಎದೆಯ ಎತ್ತರಕ್ಕಿಂತ ಕೆಳಗಿದ್ದವು. ಜೀವಮಾನವೆಲ್ಲ ಬಲಗೈಯಲ್ಲಿ ಸುತ್ತಿಗೆ ಹಿಡಿದವನು ಮೊದಲ ಬಾರಿಗೆ ಎಡಗೈಯಲ್ಲಿ ಹೊಡೆದ ಏಟುಗಳು!

ಅಂದರೆ... ಅಂದರೆ ಆ ಚಿಲಕವನ್ನು ಅವರು ತೆಗೆದಿರಲು ಸಾಧ್ಯವೇ ಇರಲಿಲ್ಲ. ಆ ಹೊತ್ತಿನಲ್ಲಿ ಈ ಮನೆಯಲ್ಲಿ ಎರಡು ಕೈಯೂ ನೆಟ್ಟಗಿದ್ದ ಮನುಷ್ಯ ಇನ್ನೊಬ್ಬನೇ ಒಬ್ಬ.

"ಇಲ್ಲೇನು ಮಾಡ್ತಿದೀಯ?" ಹಿಂದಿನಿಂದ ಗಂಡನ ದನಿ.

ಅವಳು ತಿರುಗಲಿಲ್ಲ. "ನೀವೇ ಅಲ್ವಾ?"

ಅವನು ಗೋಡೆ ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಕುಸಿದ ಸದ್ದು ಕೇಳಿಸಿತು.

"ಸಿಗರೇಟು..." ಎಂದನು ಕೊನೆಗೆ. "ಬಿಟ್ಟಿದೀನಿ ಅಂತ ನಿಂಗೆ ಆಣೆ ಮಾಡಿದ್ದೆ. ನೀನಿರಲಿಲ್ಲ. ಹಿತ್ತಿಲಲ್ಲಿ ನಿಂತು ಒಂದು ಸೇದಿದೆ. ಒಳಗೆ ಬಂದು ಬಾಗಿಲು ಎಳೆದೆ. ಚಿಲಕ... ಹಾಕಿದೆ ಅಂತಲೇ ಅಂದ್ಕೊಂಡೆ. ಮಗು ನಿದ್ದೆ ಮಾಡ್ತಿತ್ತು. ನಾನೂ ಪಕ್ಕದಲ್ಲಿ ಒರಗಿದೆ. ಕಣ್ಣು ಹತ್ತಿತು. ಬೀದಿ ಕೋಣೆಯಿಂದ ಅಪ್ಪ ಬಂದು ನನ್ನ ಎಬ್ಬಿಸಿದಾಗ ಹಾಸಿಗೆಯಲ್ಲಿ ನಾನೊಬ್ಬನೇ ಇದ್ದೆ..."

"ಹದಿನಾಲ್ಕು ವರ್ಷ!" ಅವಳು ತಿರುಗಿದಳು. "ಹದಿನಾಲ್ಕು ವರ್ಷ ಆ ಮುದುಕನ ತಟ್ಟೆ ಅಲ್ಲಿ ಮೇಲಿಟ್ಟೆನಲ್ಲ ನಾನು! ನೋಡ್ತಾ ಇದ್ರಲ್ಲ ನೀವು! ಒಂದು ಸಲ... ಒಂದೇ ಒಂದು ಸಲ ಬಾಯಿ ಬರಲಿಲ್ವಾ ನಿಮಗೆ?"

"ಅವತ್ತೇ ಹೇಳೋಕೆ ಬಾಯಿ ತೆಗೆದೆ ಕಣೇ. ಅಪ್ಪ ನನ್ನ ಕಾಲು ತುಳಿದ್ರು. ಮೂಳೆ ಮುರಿಯೋ ಹಾಗೆ ತುಳಿದು, ನನಗಿಂತ ಮುಂಚೆ ಅವರೇ ಹೇಳಿಬಿಟ್ರು. ಆಮೇಲೆ ಕೋಣೆಗೆ ಕರೆದು ಅಂದ್ರು, 'ಅವಳು ಮಗೂನ ಕಳ್ಕೊಂಡಿದಾಳೆ. ಗಂಡನನ್ನೂ ಕಳ್ಕೊಂಡ್ರೆ ಉಳಿಯಲ್ಲ. ನನ್ನ ಮೇಲೆ ಸಿಟ್ಟು ಮಾಡ್ಕೊಂಡು ಬದುಕ್ತಾಳೆ, ಬದುಕಲಿ ಬಿಡು.' ನಾಳೆ ಹೇಳೋಣ ಅಂದ್ಕೊಂಡೆ. ಆ ನಾಳೆ... ದಿನಾ ನಾಳೇನೇ ಆಗಿಹೋಯ್ತು." ಅವನು ಮುಖ ಮುಚ್ಚಿಕೊಂಡ. "ಹೋದ ವಾರ ಕೂಡ ಹೇಳಿದೆ, 'ಅಪ್ಪಾ, ಇನ್ನು ಆಗಲ್ಲ, ಹೇಳಿಬಿಡ್ತೀನಿ' ಅಂತ. 'ಮೊಮ್ಮಗಳು ದೊಡ್ಡವಳಾಗ್ತಿದಾಳೆ, ಅವಳಿಗೆ ಅಪ್ಪ ಬೇಕು ಕಣೋ. ತಾತ ಇಲ್ಲದಿದ್ರೂ ನಡೆಯುತ್ತೆ' ಅಂದ್ರು. ಈಗ ಹೇಳು... ಬಿಟ್ಟು ಹೋಗ್ತೀಯಾ? ಹೋದ್ರೂ ನಾನು ತಡೆಯಲ್ಲ."

ತನ್ನ ಸಿಟ್ಟನ್ನು ಅವಳು ಒಂದು ಮಗುವಿನಂತೆ ಸಾಕಿದ್ದಳು. ಸತ್ತ ಮಗನ ಜಾಗದಲ್ಲಿಟ್ಟು, ದಿನವೂ ಉಣ್ಣಿಸಿ ಬೆಳೆಸಿದ್ದಳು. ಇವತ್ತು ಅದನ್ನು ಈ ಮನುಷ್ಯನ ಮಡಿಲಿಗೆ ಹಾಕಿ ಎದ್ದು ಹೋಗಬಹುದಿತ್ತು. ಅವಳ ಕಣ್ಣು ಬೀದಿ ಕೋಣೆಯ ಕಡೆ ಹೊರಳಿತು. ತೆರೆದ ಬಾಗಿಲಿನಾಚೆ ಕೆಲಸದ ಮೇಜು, ಅದರ ಮೇಲೆ ಅರ್ಧ ಉಜ್ಜಿದ ಬುಗುರಿ.

"ಹೋಗೋಕೆ ಎಲ್ಲಿ ಬಿಟ್ರು ಅವರು?" ಎಂದಳು ಕೊನೆಗೆ. "ನಾನು ಹೋಗಬಾರದು ಅಂತ ತಾನೇ ಕೈ ಕಳ್ಕೊಂಡಿದ್ದು, ಮೊಮ್ಮಗಳನ್ನ ಎತ್ತಿಕೊಳ್ಳದೇ ಇದ್ದದ್ದು, ತಣ್ಣಗಾದ ಊಟ ತಿಂದದ್ದು... ಇವತ್ತು ನಾನು ಎದ್ದು ಹೋದ್ರೆ ಅದೆಲ್ಲ ಮಣ್ಣುಪಾಲು. ನಿಮ್ಮನ್ನ ಕ್ಷಮಿಸಿದೀನಿ ಅಂದ್ಕೋಬೇಡಿ. ಆ ಮಾತು ನನ್ನ ಬಾಯಿಂದ ಬರುತ್ತೋ ಇಲ್ವೋ ನಂಗೇ ಗೊತ್ತಿಲ್ಲ. ಆದ್ರೆ ಮಗಳಿಗೆ ನೀವೇ ಹೇಳ್ತೀರಿ. ಇವತ್ತೇ. ನಾಳೆ ಅಲ್ಲ."

ಆ ಸಂಜೆ ಅವನು ಮಗಳನ್ನು ಬೀದಿ ಕೋಣೆಗೆ ಕರೆದುಕೊಂಡು ಹೋಗಿ ಹೇಳಿದ. ಅಡುಗೆಮನೆಯಲ್ಲಿದ್ದ ಸೊಸೆಗೆ ಮಾತು ಕೇಳಿಸಲಿಲ್ಲ. ಬಾಗಿಲ ಸಂದಿಯಿಂದ ಮಗಳ ಬೆನ್ನು ಮಾತ್ರ ಕಾಣುತ್ತಿತ್ತು. ಅದು ಒಂದು ಸಲ ಜೋರಾಗಿ ನಡುಗಿ, ಆಮೇಲೆ ಅಲುಗಾಡದೆ ನಿಂತಿತು.

ಮರುದಿನ ಮಧ್ಯಾಹ್ನ ಅವಳು ಕೆಲಸಕ್ಕೆ ಹೋಗಿರಲಿಲ್ಲ. ಮೂರು ತಟ್ಟೆ ಬಡಿಸಿದಳು. ಒಂದನ್ನು ಮಗಳ ಮುಂದಿಟ್ಟಳು. ಇನ್ನೊಂದನ್ನು ಹಿಡಿದು ಒಂದು ಕ್ಷಣ ತಡೆದಳು. ಗಂಡ ಅವಳ ಕೈಯನ್ನೇ ನೋಡುತ್ತಿದ್ದ. ತನ್ನ ತಟ್ಟೆ ಇನ್ನು ಎಲ್ಲಿಗೆ ಹೋಗುತ್ತದೆಂದು ಅವನು ಊಹಿಸಿದ್ದ. ಅವಳು ಅದನ್ನು ಅವನ ಮುಂದೆ ನೆಲಕ್ಕಿಟ್ಟಳು. "ಉಣ್ಣಿ," ಎಂದಳು. ಮುಖ ನೋಡಲಿಲ್ಲ.

ಮೂರನೆಯದು ಅವಳದು. ಅದನ್ನು ಇನ್ನೊಂದು ತಟ್ಟೆಯಿಂದ ಮುಚ್ಚಿ, ಎತ್ತಿ, ಮೇಲಿನ ಹಲಗೆಯ ಮೇಲಿಟ್ಟಳು. ಹಿಂದೆ ಸರಿದು ನಿಂತಳು. ಮೂಲೆಯಿಂದ ಮೂರು ಕಾಲಿನ ಸ್ಟೂಲನ್ನು ತಂದು ಹಲಗೆಯ ಕೆಳಗಿಟ್ಟು, ಬಲಗೈಯನ್ನು ಸೆರಗಿನಿಂದ ಮೈಗೆ ಬಿಗಿದು ಕಟ್ಟಿಕೊಂಡಳು.

"ಅಮ್ಮಾ! ಏನು ಮಾಡ್ತಿದೀಯ?"

ಅವಳು ಸ್ಟೂಲು ಹತ್ತಿದಳು. ಹಿಡಿದುಕೊಳ್ಳಲು ಇನ್ನೊಂದು ಕೈಯಿಲ್ಲದೆ ಮೈ ತೂಗಾಡಿತು. ಎಡಗೈ ಚಾಚಿ ತಟ್ಟೆ ಎಳೆದಳು. ತಟ್ಟೆ ವಾಲಿ ಬಿಸಿ ಊಟ ಮಣಿಕಟ್ಟಿನ ಮೇಲೆ ಚೆಲ್ಲಿತು. ಅವಳು ತುಟಿ ಕಚ್ಚಿದಳು. ಮತ್ತೆ ಕೈ ಚಾಚಿದಳು.

ಗಂಡ ಏಳಲು ಹೋದ. ಅವನಿಗಿಂತ ಮೊದಲು ಮಗಳು ಎದ್ದು ಬಂದಿದ್ದಳು. ಅವಳು ತಾಯಿಯನ್ನು ಇಳಿಸಲಿಲ್ಲ. ಎರಡೂ ಕೈಯಿಂದ ಸ್ಟೂಲನ್ನು ಅಲುಗದಂತೆ ಹಿಡಿದುಕೊಂಡಳು.

"ಹಾಗಲ್ಲ ಅಮ್ಮ," ಎಂದಳು ಅಳುತ್ತಾ. "ತಾತ ಹಾಗೆ ತೆಗೀತಿರಲಿಲ್ಲ. ರಜೆಯಲ್ಲಿ ನಾನು ಕಿಟಕಿಯಿಂದ ನೋಡ್ತಿದ್ದೆ. ಹತ್ರ ಹೋಗ್ಬೇಡ ಅಂತ ನೀನು ಹೇಳಿದ್ದೆಯಲ್ಲ, ಅದಕ್ಕೆ ಕಿಟಕಿಯಿಂದ. ಹೋದ ವರ್ಷ ನನಗೆ ಹಲಗೆ ಎಟುಕಿತು. ಆಮೇಲೆ ನಾನೇ ತೆಗೆದುಕೊಡ್ತಿದ್ದೆ... 'ಅಮ್ಮನಿಗೆ ಹೇಳ್ಬೇಡ, ನೊಂದ್ಕೊಳ್ತಾಳೆ' ಅಂದಿದ್ರು."

"ಹೇಗೆ ತೆಗೀತಿದ್ರು, ಹೇಳು," ಎಂದಳು ತಾಯಿ.

"ಮೊದಲು ಹಣೆ ಇಡ್ಬೇಕು. ಬೀಳದ ಹಾಗೆ ಹಲಗೆ ಅಂಚಿಗೆ ಹಣೆ ಒತ್ತಿ ಹಿಡ್ಕೊಳ್ತಿದ್ರು. ಇನ್ನೊಂದು ಕೈ ಇರಲಿಲ್ವಲ್ಲಮ್ಮ... ಆಮೇಲೆ ನಿಧಾನವಾಗಿ ಎಳ್ಕೋಬೇಕು."

ಸೊಸೆ ತಲೆ ಬಾಗಿಸಿ ಹಣೆಯನ್ನು ಹಲಗೆಯ ಅಂಚಿಗೆ ಇಟ್ಟಳು. ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗದ ಆ ಕಪ್ಪು ಕಲೆ ಸರಿಯಾಗಿ ಅಲ್ಲೇ ಇತ್ತು. ಅಲ್ಲಿ ಮರ ಸವೆದು ನುಣುಪಾಗಿತ್ತು.

ತಟ್ಟೆ ಮೇಲೆಯೇ ಉಳಿಯಿತು. ಅವಳು ಹಣೆ ಎತ್ತಲಿಲ್ಲ. ನಾಲ್ಕು ದಿನದಿಂದ ಬೀದಿಯೆಲ್ಲ ಕಾದಿದ್ದ ಅಳು ಆಗ ಬಂತು. ಮಗಳು ಸ್ಟೂಲು ಹಿಡಿದುಕೊಂಡೇ ಇದ್ದಳು.